ಲಂಡನ್ನಿನ ನೆಲದಡಿಯ ಹೊಗೆ

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಲಂಡನ್ ನಗರಕ್ಕೆ ನಾಲ್ಕು ದೆಸೆಗಳಿಂದಲೂ ರೈಲುಗಳು ಬರುತ್ತಿದ್ದುವಾದರೂ, ಅವುಗಳಲ್ಲಿ ಬಹುಪಾಲು ಊರಿನ ಅಂಚಿನಲ್ಲಿಯೇ ನಿಂತುಬಿಡುತ್ತಿದ್ದುದರಿಂದ, ಅಲ್ಲಿ ಇಳಿದವರು ವ್ಯಾಪಾರದ ಹೃದಯಸ್ಥಾನವಾದ ‘ಸಿಟಿ’ಯನ್ನು ಮುಟ್ಟುವುದಕ್ಕೆ ಕುದುರೆಗಾಡಿಗಳ ಸಂದಣಿಯಲ್ಲಿ ಹೆಣಗಬೇಕಾಗಿದ್ದಿತು. ನೆಲದಡಿಯ ರೈಲುಮಾರ್ಗವೇ ಈ ಸಂಕಟಕ್ಕೆ ಪರಿಹಾರವೆಂದು 1840ರ ದಶಕದಿಂದಲೇ ಸಾರುತ್ತ ಬಂದ ಚಾರ್ಲ್ಸ್ ಪಿಯರ್ಸನ್ ವೃತ್ತಿಯಿಂದ ವಕೀಲ. ಕೊಳಕು ಕೇರಿಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಶ್ರಮಜೀವಿಗಳು ಊರಾಚೆಯ ಗಾಳಿಬೆಳಕಿನಲ್ಲಿ ಮನೆಮಾಡಿಕೊಂಡು, ಅಗ್ಗದ ದರದಲ್ಲಿ ದಿನವೂ ಕೆಲಸಕ್ಕೆ ಬಂದುಹೋಗುವಂತಾಗಬೇಕೆಂಬುದೇ ಅವನ ಹಂಬಲವಾಗಿದ್ದಿತು.

1860ರಲ್ಲಿ ಜಾನ್ ಫೌಲರನ ಮೇಲ್ವಿಚಾರಣೆಯಲ್ಲಿ ಕಾಮಗಾರಿ ಮೊದಲಾಯಿತು. ಇದ್ದ ರಸ್ತೆಯನ್ನೇ ಅಗೆದು, ಹಳ್ಳದ ಇಕ್ಕೆಲಗಳಲ್ಲಿ ಇಟ್ಟಿಗೆಯ ಗೋಡೆಯೆತ್ತಿ, ಮೇಲೆ ಕಮಾನು ಕಟ್ಟಿ, ಮಣ್ಣು ಮುಚ್ಚಿ ಪುನಃ ರಸ್ತೆ ಹಾಸುವುದೇ ಅದರ ಕ್ರಮ. ಫ್ಲೀಟ್ ಕಣಿವೆಯಲ್ಲಿ ಇದಕ್ಕಾಗಿ ಕೆಡಹಿದ್ದು ಬಡವರ ಮನೆಗಳನ್ನೇ. ವಾರದ ಬಾಡಿಗೆಗೆ ಇದ್ದ ಆ ಸಹಸ್ರಾರು ಜನರಿಗೆ ಪರಿಹಾರ ಕೇಳುವ ಹಕ್ಕಿರಲಿಲ್ಲ. ಯಾರ ಉದ್ಧಾರಕ್ಕಾಗಿ ಪಿಯರ್ಸನ್ ದಶಕಗಳ ಕಾಲ ವಾದಿಸಿದನೋ ಅವರೇ ಮೊಟ್ಟಮೊದಲು ಬೀದಿಪಾಲಾದದ್ದನ್ನು ಈ ಮಾರ್ಗದ ಸ್ತುತಿಪಾಠಕರು ಬಹುಮಟ್ಟಿಗೆ ಮರೆತೇಬಿಡುತ್ತಾರೆ. 1862ರ ಜೂನ್‌ನಲ್ಲಿ ಫ್ಲೀಟ್ ಚರಂಡಿಯೊಡೆದು ಸುರಂಗಕ್ಕೆ ಕೊಳಚೆ ನುಗ್ಗಿತು. ಸೆಪ್ಟೆಂಬರಿನಲ್ಲಿ, ಮೊದಲ ಬಂಡಿಯನ್ನು ಕಾಣದೆಯೇ, ಪಿಯರ್ಸನ್ ತೀರಿಕೊಂಡನು.

1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ ಬೀದಿಯವರೆಗಿನ, ಸುಮಾರು 6 ಕಿಲೋಮೀಟರುಗಳ ಮೆಟ್ರೋಪಾಲಿಟನ್ ರೈಲುಮಾರ್ಗವು ಸಾರ್ವಜನಿಕರಿಗೆ ತೆರೆದಾಗ, ಅದೊಂದೇ ದಿನ ಸುಮಾರು 38,000 ಮಂದಿ ಪಯಣಿಸಿದರು. ಪಾತಾಳಕ್ಕೆ ನಾಗರ ಹೆಡೆಯ ಮಣಿಗಳೇ ಬೆಳಕೆಂದು ನಮ್ಮ ಪುರಾಣಗಳು ಹೇಳುತ್ತವೆ; ಈ ಪಾತಾಳದ ಮರದ ಬಂಡಿಗಳಲ್ಲಿ ಗ್ಯಾಸಿನ ದೀಪಗಳು ಉರಿಯುತ್ತಿದ್ದುವು. ಮರುವರ್ಷವೇ ನಸುಕಿನ ಕಾರ್ಮಿಕಬಂಡಿಗಳಲ್ಲಿ 3 ಪೆನ್ನಿಗೆ ಹೋಗಿಬರುವ ಅನುಕೂಲವೂ ಒದಗಿ, ಪಿಯರ್ಸನ್ನನ ಆಶಯವು ಕಿಂಚಿತ್ತಾದರೂ ಕೈಗೂಡಿತು.

ಆದರೆ ಬಂಡಿಯನ್ನೆಳೆಯುತ್ತಿದ್ದುದು ಉಗಿಯಂತ್ರ; ಮುಚ್ಚಿದ ಸುರಂಗದಲ್ಲಿ ಅದರ ಹೊಗೆ ಎಲ್ಲಿಗೆ ಹೋಗಬೇಕು? ಕಾಯಿಸಿದ ಇಟ್ಟಿಗೆಗಳ ಶಾಖದಿಂದಲೇ ಉಗಿಯನ್ನು ಕಾಪಾಡಿಕೊಳ್ಳುವ ಎಂಜಿನ್ನೊಂದನ್ನು ಫೌಲರ್ ಮಾಡಿಸಿ ನೋಡಿದನಾದರೂ ಅದು ಕೈಕೊಟ್ಟು, ಕಡೆಗೆ ‘ಫೌಲರನ ಭೂತ’ವೆಂಬ ಹೆಸರೊಂದನ್ನು ಮಾತ್ರ ಗಳಿಸಿತು. ಬಳಿಕ ಬಂದ ಯಂತ್ರಗಳು ಉಗಿಯನ್ನು ನೀರಿನ ತೊಟ್ಟಿಗೆ ತಿರುಗಿಸಿ ತಣಿಸುತ್ತಿದ್ದುವು. ಒಲೆಯ ಗಂಧಕದ ಹೊಗೆಗೆ ಮಾತ್ರ ಅದರಿಂದ ಯಾವ ಅಡ್ಡಿಯೂ ಆಗಲಿಲ್ಲ. ಹೀಗಾಗಿ ಅಲ್ಲಲ್ಲಿ ಸುರಂಗಕ್ಕೆ ಬಾಯಿ ಬಿಡಲೇಬೇಕಾಯಿತು. 1860ರ ದಶಕದ ಕೊನೆಯಲ್ಲಿ ಮಾರ್ಗವು ಬೇಸ್‌ವಾಟರಿನ ಸಿರಿವಂತರ ಬಡಾವಣೆಯನ್ನು ಹಾದಾಗ, ಲೀನ್‌ಸ್ಟರ್ ಗಾರ್ಡನ್ಸ್ ಬೀದಿಯ 23 ಮತ್ತು 24ನೆಯ ಸಂಖ್ಯೆಯ ಮನೆಗಳನ್ನು ಕೆಡವಿ ಆ ಜಾಗವನ್ನು ಹೊಗೆಗೆ ಬಿಟ್ಟುಕೊಟ್ಟು, ಸಾಲಿನ ಅಂದ ಕೆಡದಿರಲೆಂದು ಮುಂಭಾಗವನ್ನಷ್ಟೇ ಮತ್ತೆ ಕಟ್ಟಿದರು. ಕಂಬಗಳುಂಟು, ಉಪ್ಪರಿಗೆಗಳುಂಟು, ತೆರೆಯದ ಬಾಗಿಲುಗಳುಂಟು. ಕಿಟಕಿಗಳಿಗೆ ಗಾಜಿನ ಬದಲು ಬಣ್ಣ. ಫ್ಲೀಟ್ ಕಣಿವೆಯಲ್ಲಿ ಮನೆಗಳನ್ನೇ ಉಳಿಸದವರು ಇಲ್ಲಿ ಮನೆಯ ಮುಖವನ್ನಾದರೂ ಉಳಿಸಿದ ಔದಾರ್ಯವು ಗಮನಾರ್ಹ!

ಹೊಗೆಯ ದೂರುಗಳು ಹೆಚ್ಚಿ 1897ರಲ್ಲಿ ಸರಕಾರದ ವಿಚಾರಣೆ ನಡೆಯಿತು. ಗಂಟಲು ಕಟ್ಟಿ ಕೆಮ್ಮುತ್ತ ಬರುವ ಪ್ರಯಾಣಿಕರಿಗೆ ‘ಮೆಟ್ರೋಪಾಲಿಟನ್ ಮಿಕ್ಸ್‌ಚರ್’ ಎಂಬ ಔಷಧವನ್ನು ತಾನು ಕೊಡುವುದುಂಟೆಂದು ನಿಲ್ದಾಣದ ಬಳಿಯ ಔಷಧ ವ್ಯಾಪಾರಿಯೊಬ್ಬನು ಹೇಳಿದರೆ, ಉಬ್ಬಸದವರಿಗೆ ತಮ್ಮ ನಿಲ್ದಾಣವೊಂದರ ಗಾಳಿಯೇ ಗುಣಕಾರಿಯೆಂಬುದು ಕಂಪನಿಯ ಕಡೆಯ ವಾದ. ಇಬ್ಬರಲ್ಲಿ ಔಷಧ ಮಾರುವವನ ಮಾತಿನಲ್ಲಿಯೇ ಹೆಚ್ಚು ಸತ್ಯವಿದ್ದಂತೆ ನನಗೆ ತೋರುತ್ತದೆ.

ನಿಜವಾದ ಮದ್ದು ಅಷ್ಟರಲ್ಲಾಗಲೇ ಸಿದ್ಧವಾಗಿದ್ದಿತು. 1890ರಲ್ಲಿ ತೆರೆದ ಸಿಟಿ ಮತ್ತು ಸೌತ್ ಲಂಡನ್ ಮಾರ್ಗವು ಆಳದ ಜೇಡಿಯಲ್ಲಿ ಕೊರೆದ ದುಂಡನೆಯ ಕೊಳವೆಗಳೊಳಗೆ ವಿದ್ಯುತ್ತಿನಿಂದ ಬಂಡಿಗಳನ್ನೋಡಿಸಿತು. ಹೊರಗೆ ನೋಡುವುದೇನೂ ಇಲ್ಲವೆಂದು ಅವುಗಳಿಗೆ ಸರಿಯಾದ ಕಿಟಕಿಗಳನ್ನೇ ಇಡಲಿಲ್ಲ. ನಿಲ್ದಾಣಗಳ ಹೆಸರನ್ನು ಸಿಬ್ಬಂದಿಯವರೇ ಕೂಗಿ ಹೇಳಬೇಕಾಗಿದ್ದಿತು. ಮೆಟ್ರೋಪಾಲಿಟನ್ನಿನ ಹಳೆಯ ಸುರಂಗಗಳ ಪ್ರಯಾಣಿಕರು ಹೊಗೆಯಿಂದ ಪಾರಾದದ್ದು 1905ರಲ್ಲಿ. ಆದರೂ ರಾತ್ರಿಯ ವೇಳೆ ದುರಸ್ತಿಯ ಸಾಮಾನು ಸಾಗಿಸುವ ಚಾಕರಿಗೆ ಕೆಲವು ಉಗಿಯಂತ್ರಗಳು 1971ರವರೆಗೂ ಉಳಿದುಕೊಂಡಿದ್ದುವು.