ಕೊಲ್ಲಿಯಲ್ಲಿ ಚಲಾವಣೆಯಲ್ಲಿದ್ದ ನಮ್ಮ ರೂಪಾಯಿ

ಗಲ್ಫ್‌ನಲ್ಲಿ ದುಡಿಯುವವರ ಮನೆಗಳಲ್ಲಿ ಸಲಾಮ್, ಕ್ಷೇಮ ಸಮಾಚಾರಗಳು ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: 'ಈಗ ರೇಟ್ ಎಷ್ಟಿದೆ?' ಭಟ್ಕಳದಿಂದ ಉಳ್ಳಾಲದವರೆಗೆ ಅಕ್ಷರ ತಿಳಿಯದ ಮುದುಕಿಗೂ ದಿರ್ಹಮ್, ರಿಯಾಲ್, ದಿನಾರ್‌ಗಳ ಬೆಲೆ ಗೊತ್ತಿರುತ್ತದೆ. ಆದರೆ ಈ ಪ್ರಶ್ನೆಯೇ ಹುಟ್ಟದಿದ್ದ ಕಾಲವೊಂದಿತ್ತು ಎಂಬುದು ಇಂದಿನ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. ಏಕೆಂದರೆ ಕುವೈತ್, ಬಹರೈನ್, ಕತಾರ್, ದುಬೈ, ಮಸ್ಕತ್‌ಗಳ ಮಾರುಕಟ್ಟೆಯಲ್ಲಿ ಆಗ ನಡೆಯುತ್ತಿದ್ದುದು ಭಾರತದ ರೂಪಾಯಿಯೇ.

ಬ್ರಿಟಿಷರು ಕೊಲ್ಲಿಯ ವ್ಯವಹಾರಗಳನ್ನು ಬಹುಕಾಲ ಮುಂಬಯಿಯ ಮೂಲಕ ನಡೆಸಿದರು. ಅಕ್ಕಿ, ಬಟ್ಟೆ, ಸಾಂಬಾರ ಪದಾರ್ಥಗಳು ಇಲ್ಲಿಂದ ಹೋಗುತ್ತಿದ್ದವು. ಮುತ್ತು, ಖರ್ಜೂರ ಅಲ್ಲಿಂದ ಬರುತ್ತಿದ್ದವು. ಹೀಗಾಗಿ ಅರಬ್ ವರ್ತಕನ ಪೆಟ್ಟಿಗೆಯಲ್ಲಿ ರೂಪಾಯಿ, ಆಣೆಗಳು ಸಹಜವಾಗಿಯೇ ಸೇರಿಕೊಂಡವು. 1947ರ ನಂತರವೂ ಇದು ಮುಂದುವರಿಯಿತು. ಹಡಗು ಹತ್ತಿ ಹೋದವನು ಅಲ್ಲಿ ಯಾವ ನೋಟಿನಲ್ಲಿ ಸಂಬಳ ಪಡೆಯುತ್ತಿದ್ದನೋ ಅದೇ ನೋಟು ಊರಿನ ಅಂಗಡಿಯಲ್ಲೂ ನಡೆಯುತ್ತಿತ್ತು.

ಈ ಅನುಕೂಲವನ್ನು ಕೆಡಿಸಿದ್ದು ಚಿನ್ನ. ಭಾರತದಲ್ಲಿ ಚಿನ್ನದ ಆಮದಿಗೆ ಕಡಿವಾಣವಿದ್ದುದರಿಂದ ಇಲ್ಲಿನ ಬೆಲೆ ಹೊರಗಿನದಕ್ಕಿಂತ ಬಹಳ ಹೆಚ್ಚಿತ್ತು. ಕಳ್ಳಸಾಗಣೆದಾರರು ರೂಪಾಯಿ ನೋಟುಗಳನ್ನು ಕೊಲ್ಲಿಗೆ ಒಯ್ದು ಚಿನ್ನ ಕೊಂಡು ತರುತ್ತಿದ್ದರು. ಅಲ್ಲಿನ ಬ್ಯಾಂಕುಗಳು ಆ ನೋಟುಗಳನ್ನು ಭಾರತಕ್ಕೆ ಮರಳಿಸಿ ಬದಲಿಗೆ ಪೌಂಡ್ ಕೇಳುತ್ತಿದ್ದವು. ದೇಶದ ವಿದೇಶಿ ವಿನಿಮಯ ನಿಧಿ ಹೀಗೆ ಸೋರಿಹೋಗುತ್ತಿರುವುದನ್ನು ಕಂಡು ಸರಕಾರವು 1959ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು, ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಕ್ರಮಸಂಖ್ಯೆಯ ಮುಂದೆ 'ಝಡ್' ಅಕ್ಷರವಿದ್ದ ಈ 'ಗಲ್ಫ್ ರೂಪಾಯಿ'ಯ ಬೆಲೆ ಭಾರತದ ರೂಪಾಯಿಯಷ್ಟೇ. ಆದರೆ ಅದು ಭಾರತದೊಳಗೆ ಚಲಾವಣೆಯಾಗುವಂತಿರಲಿಲ್ಲ.

ಹಜ್ಜ್ ಯಾತ್ರಿಕರಿಗಾಗಿಯೂ ಅದೇ ಸಮಯದಲ್ಲಿ ಪ್ರತ್ಯೇಕ ನೋಟುಗಳು ಬಂದವು. ಹತ್ತು ಮತ್ತು ನೂರು ರೂಪಾಯಿಯ ಆ ನೋಟುಗಳ ಮೇಲೆ 'ಹಜ್' ಎಂದೇ ಮುದ್ರಿಸಲಾಗಿತ್ತು. ಇಲ್ಲೊಂದು ಕುತೂಹಲದ ಸಂಗತಿ ಹೇಳಬೇಕು. ಸೌದಿ ಅರೇಬಿಯವು 1953ರಲ್ಲಿ ಭಾರದ ಬೆಳ್ಳಿ ನಾಣ್ಯಗಳ ಬದಲಿಗೆ ಯಾತ್ರಿಕರಿಗೆ ಕಾಗದದ 'ರಶೀದಿ'ಗಳನ್ನು ಕೊಡಲು ಆರಂಭಿಸಿತ್ತು. ಅವುಗಳ ಮೇಲೆ ಅರಬಿಯ ಜತೆ ಉರ್ದುವೂ ಇತ್ತು. ಜನರು ಅವನ್ನು ನೋಟಿನಂತೆಯೇ ಬಳಸತೊಡಗಿದರು. ಅಂದರೆ ಆ ನಾಡಿಗೆ ಕಾಗದದ ಹಣದ ರೂಢಿ ಮಾಡಿಸಿದವರಲ್ಲಿ ನಮ್ಮ ಹಾಜಿಗಳ ಪಾಲೂ ಇದೆ.

ಗಲ್ಫ್ ರೂಪಾಯಿ ಬಹುಕಾಲ ಬಾಳಲಿಲ್ಲ. ತೈಲದ ಹಣ ಬರತೊಡಗಿದ ಮೇಲೆ ಕುವೈತ್ 1961ರಲ್ಲಿ ತನ್ನದೇ ದಿನಾರ್ ತಂದಿತು. 1965ರಲ್ಲಿ ಬಹರೈನ್, ಹತ್ತು ರೂಪಾಯಿಗೆ ಒಂದರಂತೆ ದಿನಾರ್ ಹೊರಡಿಸಿತು. 1966ರ ಜೂನ್ 6ರಂದು ಭಾರತ ಸರಕಾರವು ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಅದುವರೆಗೆ 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್‌ಗೆ ಇನ್ನು 7 ರೂಪಾಯಿ 50 ಪೈಸೆ. ಗಲ್ಫ್ ರೂಪಾಯಿಯ ಬೆಲೆಯೂ ಅದರೊಂದಿಗೇ ಕುಸಿಯಿತು.

ಈ ಒಂದು ದಿನದ ಲೆಕ್ಕವನ್ನು ಸ್ವಲ್ಪ ಗಮನಿಸಿ. ಬಹರೈನ್‌ನಲ್ಲಿ 40 ದಿನಾರ್ ಸಂಬಳ ಪಡೆಯುತ್ತಿದ್ದವನ ದುಡಿಮೆ ಊರಿನ ಲೆಕ್ಕದಲ್ಲಿ 400 ರೂಪಾಯಿಯಿಂದ 630 ರೂಪಾಯಿಗೆ ಏರಿತು. ಅವನು ಹೆಚ್ಚು ಬೆವರು ಸುರಿಸಿರಲಿಲ್ಲ. ಅದೇ ಕಡಲಿನ ಇನ್ನೊಂದು ರೇವಿನಲ್ಲಿ 100 ಗಲ್ಫ್ ರೂಪಾಯಿ ಕೂಡಿಟ್ಟವನದ್ದು ಹಿಂದಿನ ದಿನ ಏಳೂವರೆ ಪೌಂಡ್ ಆಗಿದ್ದರೆ, ಈಗ ಅಧಿಕೃತ ದರದಲ್ಲಿ ಐದು ಪೌಂಡ್‌ಗೂ ಕಡಿಮೆ. ಅವನು ಕಡಿಮೆ ದುಡಿದಿರಲಿಲ್ಲ. ಕೆಲಸ ಒಂದೇ, ಬಿಸಿಲು ಒಂದೇ. ಕೈಯಲ್ಲಿದ್ದ ಕಾಗದ ಮಾತ್ರ ಬೇರೆ. ಕತಾರ್ ಮತ್ತು ದುಬೈಗಳು ಕೂಡಲೇ ರೂಪಾಯಿಯನ್ನು ಕೈಬಿಟ್ಟವು. ಅಬುಧಾಬಿ ಬಹರೈನ್‌ನ ದಿನಾರ್ ಬಳಸಿತು. ಒಮಾನ್‌ನಲ್ಲಿ ಮಾತ್ರ ಗಲ್ಫ್ ರೂಪಾಯಿ 1970ರವರೆಗೆ ಉಸಿರು ಹಿಡಿದಿತ್ತು. ಯು.ಎ.ಇ.ಯ ದಿರ್ಹಮ್ ಬಂದದ್ದು 1973ರಲ್ಲಿ.

'ರೇಟ್' ನೋಡುವ ಅಭ್ಯಾಸ ನಮ್ಮವರಿಗೆ ಅಂಟಿದ್ದು ಇಲ್ಲಿಂದಲೇ. ಎಪ್ಪತ್ತರ ದಶಕದಲ್ಲಿ ತೈಲ ಬೆಲೆ ಏರಿ ಕರಾವಳಿಯ ಯುವಕರು ಸಾಲುಸಾಲಾಗಿ ಹೊರಟರು. ಇಲ್ಲಿಯೋ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಬಿಗಿ ಹಿಡಿತ. ಸರಕಾರ ನಿಗದಿಪಡಿಸಿದ ದರ ಒಂದು, ಮಾರುಕಟ್ಟೆಯ ದರ ಇನ್ನೊಂದು. ಆ ಅಂತರದಲ್ಲಿಯೇ ಹವಾಲಾ ಬೆಳೆಯಿತು. ಫಿಕ್‌ಹ್ ಗ್ರಂಥಗಳಲ್ಲಿ 'ಹವಾಲಾ' ಎಂದರೆ ಸಾಲದ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಮರ್ಯಾದೆಯ ಒಪ್ಪಂದ. ನಾಣ್ಯ ವಿನಿಮಯಕ್ಕೂ ಅಲ್ಲಿ 'ಸರ್ಫ್' ಎಂಬ ಬೇರೆಯೇ ಅಧ್ಯಾಯವಿದೆ. ಎರಡೂ ಕಡೆಯ ಹಣ ಕುಳಿತಲ್ಲೇ ಕೈಬದಲಾಗಬೇಕೆಂಬುದು ಅದರ ಮುಖ್ಯ ಶರತ್ತು. ಅಂತಹ ಗೌರವದ ಪದವೊಂದು ನಮ್ಮ ಪತ್ರಿಕೆಗಳಲ್ಲಿ ಅಪರಾಧದ ಪರ್ಯಾಯ ಪದವಾದದ್ದು ದುರ್ದೈವ. ಕಾನೂನು ಮುರಿದವರನ್ನು ಸಮರ್ಥಿಸಬೇಕಿಲ್ಲ. ಆದರೆ ಬ್ಯಾಂಕಿನ ಶಾಖೆಯೇ ಇಲ್ಲದ ಹಳ್ಳಿಯ ಮನೆ ಬಾಗಿಲಿಗೆ ಹಣ ಮುಟ್ಟಿಸುವ ಬೇರೆ ದಾರಿಯನ್ನು ಸರಕಾರ ತೋರಿಸಿತ್ತೇ?

ಹಣದ ಅಗತ್ಯ ಸರಕಾರಕ್ಕೂ ಇತ್ತು. 1975ರಲ್ಲಿ ಅನಿವಾಸಿಗಳಿಗಾಗಿ ವಿದೇಶಿ ಕರೆನ್ಸಿಯಲ್ಲೇ ಠೇವಣಿ ಇಡುವ ಯೋಜನೆ ಬಂತು. ರೂಪಾಯಿ ಬಿದ್ದರೆ ಆಗುವ ನಷ್ಟ ರಿಸರ್ವ್ ಬ್ಯಾಂಕಿನದ್ದು. 1991ರ ಜುಲೈನಲ್ಲಿ ರೂಪಾಯಿ ಎರಡು ಕಂತುಗಳಲ್ಲಿ ಕುಸಿದಾಗ ಈ ಹೊರೆ ಅಸಹನೀಯವಾಯಿತು. 1994ರಲ್ಲಿ ಆ ಯೋಜನೆಯನ್ನು ಮುಚ್ಚಲಾಯಿತು. ರೂಪಾಯಿಯ ಎನ್.ಆರ್.ಇ. ಖಾತೆಯಲ್ಲಿ ಇಟ್ಟವರಿಗೆ ಅಂತಹ ರಕ್ಷಣೆ ಎಂದೂ ಇರಲಿಲ್ಲ.

ಅದಕ್ಕೂ ಮುಂಚೆ, 1990ರ ಆಗಸ್ಟ್‌ನಲ್ಲಿ ಕುವೈತ್‌ನಲ್ಲಿದ್ದ ಭಾರತೀಯರು ಕಂಡದ್ದು ಇದೆಲ್ಲಕ್ಕಿಂತ ಕ್ರೂರವಾದುದು. ಕೊಲ್ಲಿಯಲ್ಲೇ ಅತ್ಯಂತ ಬೆಲೆಬಾಳುವ ದಿನಾರ್ ಅವರದ್ದು. ಆಕ್ರಮಿಸಿಕೊಂಡ ಇರಾಕ್ ಅದನ್ನು ತನ್ನ ಸವಕಲು ದಿನಾರ್‌ಗೆ ಸಮವೆಂದು ಘೋಷಿಸಿ, ನಂತರ ರದ್ದುಪಡಿಸಿತು. ವರ್ಷಗಟ್ಟಲೆ ದುಡಿದವರು ಒಂದು ಚೀಲದೊಂದಿಗೆ ಅಮ್ಮಾನ್‌ನಲ್ಲಿ ವಿಮಾನ ಕಾಯುತ್ತಾ ನಿಂತರು.

ದಿರ್ಹಮ್ 1997ರಿಂದ ಡಾಲರ್‌ಗೆ 3.6725ರಂತೆ ಕಟ್ಟಿಕೊಂಡಿದೆ, ಸೌದಿ ರಿಯಾಲ್ 1986ರಿಂದ 3.75. ಆದ್ದರಿಂದ ಅಲ್ಲಿನ ಸಂಬಳ ಊರಲ್ಲಿ ಎಷ್ಟಾಗುತ್ತದೆಂಬುದು ಡಾಲರ್ ಮತ್ತು ರೂಪಾಯಿಯ ಏರಿಳಿತವನ್ನೇ ಅವಲಂಬಿಸಿದೆ. ರೂಪಾಯಿ ಬಿದ್ದಾಗ ಖುಷಿಪಡುವ ನಾವು 2007ನ್ನು ಮರೆಯುತ್ತೇವೆ. ಆ ವರ್ಷ ರೂಪಾಯಿ ಬಲಗೊಂಡು ಡಾಲರ್ 44ರಿಂದ 39ರ ಆಸುಪಾಸಿಗೆ ಇಳಿಯಿತು. ಸಾವಿರ ದಿರ್ಹಮ್ ಕಳುಹಿಸಿದರೆ 12 ಸಾವಿರ ಆಗುತ್ತಿದ್ದುದು 10,700ಕ್ಕೆ ಬಂತು. ದುಬೈಯಲ್ಲಿ ಮನೆ ಬಾಡಿಗೆ, ದಿನಸಿಯ ಬೆಲೆಗಳು ಗಗನಕ್ಕೇರಿದ್ದ ದಿನಗಳವು. ಕಟ್ಟಡ ಕಾರ್ಮಿಕರು ಸಂಬಳ ಏರಿಕೆಗಾಗಿ ಬೀದಿಗಿಳಿದರು. ಅದೇ ವರ್ಷ ಕುವೈತ್ ಡಾಲರ್‌ನ ನಂಟು ಬಿಟ್ಟು ಹಲವು ಕರೆನ್ಸಿಗಳ ಬುಟ್ಟಿಗೆ ಮರಳಿತು, ಉಳಿದವರು ಬಿಡಲಿಲ್ಲ.

2013ರ ಆಗಸ್ಟ್‌ನಲ್ಲಿ ಡಾಲರ್ 68 ರೂಪಾಯಿ ಮುಟ್ಟಿದಾಗ ಗಲ್ಫ್‌ನ ಎಕ್ಸ್‌ಚೇಂಜ್ ಅಂಗಡಿಗಳ ಮುಂದೆ ಸರತಿಯ ಸಾಲು. ಆದರೆ ಕಾದು ಕುಳಿತು ಒಳ್ಳೆಯ ದರಕ್ಕೆ ಕಳುಹಿಸಲು ಯಾರಿಂದ ಸಾಧ್ಯ? ವೀಸಾಕ್ಕೆ ಮಾಡಿದ ಸಾಲ, ಮನೆಯ ಬಾಡಿಗೆ, ಮಕ್ಕಳ ಫೀಸು ಇವ್ಯಾವುದೂ ದರ ಏರಲೆಂದು ಕಾಯುವುದಿಲ್ಲ. ಲೇಬರ್ ಕ್ಯಾಂಪಿನವನು ಸಂಬಳ ಸಿಕ್ಕ ವಾರದಲ್ಲೇ, ಅಂದಿನ ದರ ಎಷ್ಟಿದ್ದರೂ ಕಳುಹಿಸಲೇಬೇಕು. ಕಳುಹಿಸಿದ ಹೆಚ್ಚುವರಿ ರೂಪಾಯಿಯೂ ಊರಿನ ಪೆಟ್ರೋಲ್, ಸಿಮೆಂಟು, ನಿವೇಶನದ ಬೆಲೆಯಲ್ಲಿ ಕರಗುತ್ತದೆ.

ಅದೇ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಅನಿವಾಸಿಗಳ ಡಾಲರ್ ಠೇವಣಿ ತಂದ ಬ್ಯಾಂಕುಗಳಿಗೆ ವಿನಿಮಯದ ಅಪಾಯದಿಂದ ಅಗ್ಗದ ರಕ್ಷಣೆ ನೀಡಿತು. ಸುಮಾರು 26 ಶತಕೋಟಿ ಡಾಲರ್ ಹರಿದುಬಂತು. ಇದರಲ್ಲಿ ದೊಡ್ಡ ಪಾಲು, ವಿದೇಶಿ ಬ್ಯಾಂಕುಗಳಿಂದ ಕಡಿಮೆ ಬಡ್ಡಿಗೆ ಸಾಲ ಪಡೆದು ಇಲ್ಲಿ ಹೆಚ್ಚಿನ ಬಡ್ಡಿಗೆ ಠೇವಣಿಯಿಟ್ಟ ಸಿರಿವಂತ ಅನಿವಾಸಿಗಳದ್ದಾಗಿತ್ತು.