ಹಳೆಯ ಕತ್ತಿಯ ಗುರುತು

ಮಹಾನವಮಿಯ ಆಯುಧಪೂಜೆಯಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯ ಹಳೆಯ ಮನೆಗಳಲ್ಲಿ ಕುಡುಗೋಲು ಕೊಡಲಿಗಳ ಪಕ್ಕದಲ್ಲಿ ತುಕ್ಕುಹಿಡಿದ ಕಿರುಗತ್ತಿಯೊಂದು ಕುಂಕುಮವನ್ನು ಧರಿಸಿ ಕುಳಿತಿರುವುದುಂಟು. ಇದು ಎಲ್ಲಿಯದು, ಏತಕ್ಕೆ ಎಂದು ಕೇಳಿದರೆ ‘ಪಾಳೆಯಗಾರರ ಕಾಲದ್ದು’ ಎಂಬ ಒಂದೇ ಉತ್ತರ ದೊರೆಯುತ್ತದೆ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳಲ್ಲಿ ಪಾಳೆಯಗಾರರು ಆಳಿದುದು ದಿಟ. ಆದರೆ ಅಷ್ಟರಿಂದಲೇ ಕತ್ತಿಯ ಕುಲಗೋತ್ರವು ತಿಳಿದಂತಾಗದು.

ಮೊದಲು ಹೆಸರನ್ನು ನೋಡೋಣ. ಸಂಸ್ಕೃತದ ‘ಛುರಿಕೆ’ಯೇ ಕನ್ನಡದಲ್ಲಿ ‘ಸುರಿಗೆ’ಯಾಯಿತು. ಹಿಂದೆ ನೊಳಂಬವಾಡಿಗೆ ಸೇರಿದ್ದ ಈ ಸೀಮೆಯಲ್ಲಿ ‘ಕೋಗಳಿ ಐನೂರು’ ಎಂಬ ನಾಡಿತ್ತು. ತುರುಗೋಳಿನಲ್ಲಿಯೂ ಊರಳಿವಿನಲ್ಲಿಯೂ ಮಡಿದವರ ನೆನಪಿಗೆ ಕನ್ನಡ ನಾಡಿನಲ್ಲಿ ನೆಟ್ಟ ವೀರಗಲ್ಲುಗಳನ್ನು ನೋಡಿದರೆ, ಬಿಲ್ಲು ಖಡ್ಗಗಳನ್ನು ಹಿಡಿದ ವೀರನ ಸೊಂಟದಲ್ಲಿ ಇಂತಹ ಕಿರುಗತ್ತಿಯನ್ನೂ ಕಾಣಬಹುದು. ಹಿಡಿ ಹೇಗಿತ್ತು, ಅಲಗು ಎಷ್ಟುದ್ದವಿತ್ತು ಎಂಬುದಕ್ಕೆ ಕಲ್ಲಿಗಿಂತ ನಂಬತಕ್ಕ ಸಾಕ್ಷಿ ವಿರಳ.

ಕಠಾರಿಯ ರೀತಿಯೇ ಬೇರೆ. ಎರಡು ಸಮಾನಾಂತರ ಕಂಬಿಗಳು. ನಡುವೆ ಮುಷ್ಟಿಗೆ ಅಡ್ಡಹಿಡಿ. ಅಲಗು ಮುಂಗೈಯ ನೇರಕ್ಕೆ ನಿಲ್ಲುವುದರಿಂದ ತೋಳಿನ ಬಲವೆಲ್ಲವೂ ಮೊನೆಗೆ ಇಳಿಯುತ್ತದೆ. ಅನೇಕ ಕಠಾರಿಗಳ ಮೊನೆಯನ್ನು ಕವಚದ ಬಳೆಗಳನ್ನು ಭೇದಿಸಲೆಂದು ದಪ್ಪವಾಗಿ ಬಡಿದಿರುತ್ತಾರೆ. ದಕ್ಷಿಣದ ಹಳೆಯ ಕಠಾರಿಗಳಲ್ಲಿ ಕೈಯನ್ನು ಮುಚ್ಚುವ ಎಲೆಯಾಕಾರದ ಲೋಹದ ಮರೆಯೂ ಉಂಟು. ತಂಜಾವೂರಿನ ಆಯುಧಶಾಲೆಯಿಂದ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದ ಆಯುಧಗಳು ಈ ಕಲೆಗೆ ಪ್ರಸಿದ್ಧವಾದ ನಿದರ್ಶನಗಳು.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯಕ. ಹಿಡಿ ನಮ್ಮದಾದ ಮಾತ್ರಕ್ಕೆ ಅಲಗೂ ನಮ್ಮದೆನ್ನಲಾಗದು. 16ನೆಯ ಶತಮಾನದಿಂದ ಪೋರ್ಚುಗೀಸರ ವ್ಯಾಪಾರದ ಮೂಲಕ ಯುರೋಪಿನ ಖಡ್ಗಗಳು ಇಲ್ಲಿಗೆ ಬಂದುವು. ಅವುಗಳ ಅಲಗುಗಳನ್ನು ನಮ್ಮ ಕಮ್ಮಾರರು ಕತ್ತರಿಸಿ ಕಠಾರಿಗಳಿಗೆ ಜೋಡಿಸಿದರು. ಅಷ್ಟೇ ಅಲ್ಲ, ಪರದೇಶದ ಸರಕಿಗಿದ್ದ ಬೆಲೆಯನ್ನು ಕಂಡು ಅಲ್ಲಿಯ ಮುದ್ರೆಗಳನ್ನು ಇಲ್ಲಿಯ ಅಲಗಿನ ಮೇಲೆ ಒತ್ತಿದುದೂ ಉಂಟು. ಸಿಕ್ಕಿದ ಊರಾಗಲಿ ಕೊರೆದ ಮುದ್ರೆಯಾಗಲಿ ಒಂಟಿಯಾಗಿ ಪ್ರಮಾಣವಾಗಲಾರದು.

ಇನ್ನು ಉದ್ದೇಶ. ಕತ್ತಿಯೆಂದೊಡನೆ ಯುದ್ಧವೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಮಧ್ಯ ಆಫ್ರಿಕದ ಕೆಲವು ವಿಚಿತ್ರಾಕಾರದ ಕತ್ತಿಗಳನ್ನು ಯುರೋಪಿನವರು ಬರಿಯ ಆಯುಧಗಳೆಂದು ಸಂಗ್ರಹಿಸಿದರು. ಅವುಗಳಲ್ಲಿ ಎಷ್ಟೋ ನಾಣ್ಯದಂತೆ ಚಲಾವಣೆಯಲ್ಲಿದ್ದುವು, ವಧುದಕ್ಷಿಣೆಯಾಗಿದ್ದುವು, ಒಡೆಯನ ಪದವಿಯ ಗುರುತಾಗಿದ್ದುವು. ನಮ್ಮಲ್ಲಿಯೂ ಹಾಗೆಯೇ. ಹಗರಿಬೊಮ್ಮನಹಳ್ಳಿಗೆ ಸಮೀಪದ ಹಂಪೆಯಿಂದ ಆಳಿದ ವಿಜಯನಗರದರಸರ ಲಾಂಛನದಲ್ಲಿ ವರಾಹ, ಸೂರ್ಯ, ಚಂದ್ರರೊಡನೆ ನೆಟ್ಟಗೆ ನಿಂತ ಕಠಾರಿಯೂ ಇದೆ. ಅದು ಇರಿಯುವ ಕತ್ತಿಯಲ್ಲ, ರಾಜಾಜ್ಞೆ. ವೀರಭದ್ರನ ಪುರವಂತರ ಕೈಯಲ್ಲಿರುವುದು ವ್ರತದ ಕತ್ತಿ. ಈಚಲುಮರವನ್ನು ಕೆತ್ತುವವನದು ಹೊಟ್ಟೆಪಾಡಿನ ಕತ್ತಿ. ಸವೆತವು ಎಲ್ಲಿದೆಯೆಂದು ನೋಡಿದರೆ ಇವುಗಳ ಭೇದವು ತಿಳಿಯುತ್ತದೆ: ದುಡಿದ ಕತ್ತಿಯ ಬಾಯಿ ಸವೆದಿರುತ್ತದೆ, ಪೂಜೆಗೊಂಡ ಕತ್ತಿಯ ಮೈ ಸವೆದಿರುತ್ತದೆ.

1800ರಲ್ಲಿ ಈ ಸೀಮೆಯು ನಿಜಾಮರಿಂದ ಕಂಪೆನಿಯ ವಶವಾಯಿತು. 1878ರ ಆಯುಧಶಾಸನವು ಬ್ರಿಟಿಷ್ ಇಂಡಿಯಾದಲ್ಲಿ ಆಯುಧಗಳನ್ನು ಪರವಾನಗಿಗೆ ಒಳಪಡಿಸಿತು. ಹೀಗೆ ಕತ್ತಿಗಳು ಸೊಂಟದಿಂದ ಅಟ್ಟಕ್ಕೇರಿದುವು; ಅವುಗಳ ಹೆಸರುಗಳು ಬಾಯಿಂದ ಜಾರಿದುವು. ಈಗ ಉಳಿದಿರುವ ಅಪಾಯ ಸರ್ಕಾರದ್ದಲ್ಲ, ನಮ್ಮದೇ. ಸಾಣೆಹಿಡಿದರೆ ಸವೆತದ ಸಾಕ್ಷಿ ಅಳಿಯುತ್ತದೆ. ಗುಜರಿಗೆ ಹಾಕಿದರೆ ಕತ್ತಿಯೇ ಅಳಿಯುತ್ತದೆ. ಹಿರಿಯರನ್ನು ಕೇಳದಿದ್ದರೆ ಹೆಸರು ಅಳಿಯುತ್ತದೆ.

ಆದುದರಿಂದ ಮುಂದಿನ ಮಹಾನವಮಿಗೆ ಕತ್ತಿಯನ್ನು ತೊಳೆಯುವ ಮೊದಲು ಮನೆಯ ವೃದ್ಧರ ಕೈಗೆ ಕೊಟ್ಟು, ಅವರು ಅದನ್ನು ಹೇಗೆ ಹಿಡಿಯುವರು, ಏನೆಂದು ಕರೆಯುವರು ಎಂಬುದನ್ನು ಬರೆದಿಟ್ಟುಕೊಳ್ಳೋಣ. ಕಬ್ಬಿಣವು ತುಕ್ಕುಹಿಡಿದೂ ಕೆಲವು ಶತಮಾನ ಬಾಳುತ್ತದೆ. ನೆನಪಿಗೆ ಅಷ್ಟು ಆಯುಷ್ಯವಿಲ್ಲ.