ಬಂದರಿನ ಹಡಗು, ಕಪ್ಪು-ಬಿಳುಪಿನಲ್ಲಿ

ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ನಾನು ಹುಡುಗನಾಗಿದ್ದಾಗ ತೆಗೆದ ಒಂದು ಚಿತ್ರ ಇಂದಿಗೂ ನನ್ನ ಬಳಿ ಇದೆ. ಎರವಲು ತಂದ ಪೆಟ್ಟಿಗೆ ಕ್ಯಾಮೆರಾ, ಸಂಜೆಯ ಇಳಿಬಿಸಿಲು. ಹೆಂಚು ತುಂಬಿಕೊಳ್ಳುತ್ತಿದ್ದ ಮಂಜಿಯ ಒಂದೊಂದು ಹಗ್ಗವೂ ಅದರಲ್ಲಿ ಸ್ಪಷ್ಟವಾಗಿದೆ. ಹೊರೆ ಹೊತ್ತು ಹಲಗೆ ಏರುತ್ತಿದ್ದ ಕೂಲಿಗಳು ಮಾತ್ರ ಒರೆಸಿದ ಮಸಿಯಂತಿದ್ದಾರೆ. ನನ್ನ ಕೈ ನಡುಗಿತೆಂದು ಬಹುಕಾಲ ನಂಬಿದ್ದೆ. ಕೈ ನಡುಗಿದ್ದರೆ ಹಡಗೂ ಮಸುಕಾಗಬೇಕಿತ್ತಲ್ಲವೆ? ಈ ಸಣ್ಣ ತರ್ಕ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಬಂದರುಗಳ ಮೊದಮೊದಲ ಛಾಯಾಚಿತ್ರಗಳನ್ನು ಪುಸ್ತಕಗಳಲ್ಲಿ ನೋಡತೊಡಗಿದಾಗ.

ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ, ಬೆಳ್ಳಿಯ ಲವಣ ಸವರಿದ ಕಾಗದವೇ ನೆಗೆಟಿವ್. ಒಳ್ಳೆಯ ಬಿಸಿಲಿದ್ದರೂ ಮಸೂರವನ್ನು ನಿಮಿಷದ ಲೆಕ್ಕದಲ್ಲಿ ತೆರೆದಿಡಬೇಕಾಗಿತ್ತು. ನೀರಿನ ಮೇಲಿನ ಹಡಗು ಅಷ್ಟು ಹೊತ್ತು ಅಲುಗದೆ ನಿಂತೀತೆ?

ಇದಕ್ಕೆ ಉಪಾಯ ಒದಗಿದ್ದು ವೇಲ್ಸಿನ ಸ್ವಾನ್ಸೀ ಬಂದರಿನಲ್ಲಿ. ಕ್ಯೂಬಾದಿಂದ, ಚಿಲಿಯಿಂದ ತಾಮ್ರದ ಅದಿರು ಹೊತ್ತ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ಆ ಕಡಲತೀರದಲ್ಲಿ ಉಬ್ಬರ ಇಳಿತಗಳ ಅಂತರ ಅಪಾರ. ಇಳಿತದ ವೇಳೆ ನೀರು ಹಿಂದೆ ಸರಿದಾಗ ಹಡಗುಗಳು ಕೆಸರಿನಲ್ಲಿ ಕುಳಿತುಬಿಡುತ್ತಿದ್ದವು, ಹೊಂಡದಲ್ಲಿ ಬಿದ್ದುಕೊಂಡ ಎಮ್ಮೆಗಳ ಹಾಗೆ. ಟಾಲ್ಬಟ್‌ನ ಬಳಗದವನೂ ಪಾದ್ರಿಯೂ ಆಗಿದ್ದ ಕ್ಯಾಲ್ವರ್ಟ್ ಜೋನ್ಸ್ 1840ರ ದಶಕದಲ್ಲಿ ಚಿತ್ರಕ್ಕೆ ಆರಿಸಿಕೊಂಡದ್ದು ಈ ಗಳಿಗೆಯನ್ನೇ. ಕಡಲ ಚಿತ್ರಗಳನ್ನು ಬಣ್ಣದಲ್ಲಿ ಬರೆದು ಪಳಗಿದ ಕಣ್ಣು ಅವನದು. ಹಾಯಿಗಂಬ, ಹಗ್ಗ, ಒಡಲಿನ ಹಲಗೆ ಎಲ್ಲವೂ ಆ ಚಿತ್ರಗಳಲ್ಲಿ ಮೂಡಿ ನಿಂತವು. 1852ರಲ್ಲಿ ಅಲ್ಲಿ ನೀರನ್ನು ತಡೆದು ನಿಲ್ಲಿಸುವ ಹೊಸ ಹಡಗುಕಟ್ಟೆ ತೆರೆದ ಮೇಲೆ ಆ ನೋಟವೇ ಅಪರೂಪವಾಯಿತು.

ಕಪ್ಪು-ಬಿಳುಪು ಎನ್ನುತ್ತೇವೆ, ಈ ಮುದ್ರಣಗಳ ಬಣ್ಣ ವಾಸ್ತವವಾಗಿ ಕಂದು. ನೀಲಿ ಬೆಳಕಿಗೆ ಮಾತ್ರ ಬೇಗ ಸ್ಪಂದಿಸುವ ಆ ಕಾಗದದಲ್ಲಿ ಆಕಾಶ ಬರಿದೇ ಬಿಳಿಯಾಗಿ ಉಳಿಯುತ್ತಿತ್ತು. ಇರಲಿ. ನಾನು ಭೂತಗನ್ನಡಿ ಹಿಡಿದು ಹುಡುಕಿದ್ದು ಆಕಾಶವನ್ನಲ್ಲ, ಅದಿರು ಹೊತ್ತವರನ್ನು. ಆ ಚಿತ್ರಗಳಲ್ಲಿ ಅಲ್ಲಲ್ಲಿ ಮನುಷ್ಯರಿದ್ದಾರೆ, ಆದರೆ "ನಿಲ್ಲು" ಎಂದಾಗ ನಿಂತವರಂತೆ ಇದ್ದಾರೆ. ದುಡಿಯುತ್ತಿದ್ದವನು ಚಲಿಸುತ್ತಿದ್ದ, ಚಲಿಸಿದವನನ್ನು ಆ ಕಾಗದ ಗುರುತಿಸಲಿಲ್ಲ. ಬಂದರಿನ ಚರಿತ್ರೆಯನ್ನು ಈ ಚಿತ್ರಗಳಿಂದಲೇ ಬರೆಯುವವನಿಗೆ ಸರಕು ತಾನಾಗಿಯೇ ಹಡಗೇರಿತೆಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ.

1844ರಲ್ಲಿ ಬ್ರಿಸ್ಟಲ್ ಬಂದರಿನಲ್ಲಿ ತೆಗೆದ ಇನ್ನೊಂದು ಪ್ರಸಿದ್ಧ ಚಿತ್ರ ಟಾಲ್ಬಟ್‌ನದೆಂದೇ ರೂಢಿ. ಅದರಲ್ಲಿರುವುದು 'ಗ್ರೇಟ್ ಬ್ರಿಟನ್' ಎಂಬ ಆರು ಕಂಬಗಳ ಕಬ್ಬಿಣದ ಹಡಗು. 1843ರಲ್ಲಿ ನೀರಿಗಿಳಿದ ಅದು ತೂಬುಬಾಗಿಲು ಇಕ್ಕಟ್ಟಾದ್ದರಿಂದ ವರ್ಷಕ್ಕೂ ಮೀರಿ ಬಂದರಿನಲ್ಲೇ ಸಿಲುಕಿತ್ತು. ಸೆರೆಯಲ್ಲಿದ್ದ ಹಡಗು ಚಿತ್ರಕ್ಕೆ ಒದಗಿತು! 1857ರ ದಂಗೆಯಲ್ಲಿ ಅದು ಮುಂಬಯಿಗೆ ಸೈನ್ಯವನ್ನು ಹೊತ್ತು ತಂದಿತು. 1882ರಲ್ಲಿ ಯಂತ್ರ ಕಳಚಿಕೊಂಡು, ಕಲ್ಲಿದ್ದಲು ಹೊರುವ ಹಾಯಿಹಡಗಾಯಿತು. 1886ರಲ್ಲಿ ಬಿರುಗಾಳಿಗೆ ಜರ್ಜರಿತವಾಗಿ ಫಾಕ್‌ಲೆಂಡ್ ದ್ವೀಪ ಸೇರಿ, ತೇಲುವ ಉಗ್ರಾಣವಾಗಿ ಉಳಿಯಿತು. 1937ರಲ್ಲಿ ಅಲ್ಲಿಯೇ ಕೈಬಿಟ್ಟ ಆ ಒಡಲನ್ನು 1970ರಲ್ಲಿ ಬ್ರಿಸ್ಟಲ್ಲಿಗೆ, ಅದನ್ನು ಕಟ್ಟಿದ ಕಟ್ಟೆಗೇ ಎಳೆದು ತಂದರು.

1850ರ ದಶಕದಲ್ಲಿ ಗಾಜಿನ ನೆಗೆಟಿವ್ ಬಂದ ಮೇಲೆ ಫ್ರಾನ್ಸಿನ ಲ ಗ್ರೇ ಅಲೆಯನ್ನೂ ಹಿಡಿದು ನಿಲ್ಲಿಸಿದ. ಆದರೂ, ನೂರು ವರ್ಷಗಳಿಗೂ ಮಿಗಿಲಾದ ಕಾಲ ಕಳೆದ ಮೇಲೆ, ಮಂದ ಬೆಳಕಿನಲ್ಲಿ ನನ್ನ ಪೆಟ್ಟಿಗೆ ಕ್ಯಾಮೆರಾ ಆ ಹಳೆಯ ಕಾಗದದಂತೆಯೇ ವರ್ತಿಸಿತು.

ಆ ಮಸಿಗಳಲ್ಲಿ ಒಬ್ಬಾತ ನನಗೆ ಪರಿಚಿತ. ಹಲಗೆಯ ಬುಡದಲ್ಲಿ ನನ್ನನ್ನು ನೋಡಿ ನಕ್ಕವನು. ಆಮೇಲೆ ಮೂರು ನಾಲ್ಕು ದಿನ, ದಾರಿಯಲ್ಲಿ ಕಂಡಾಗಲೆಲ್ಲ, "ನನ್ನ ಪಟ ಬಂತಾ ಮಾರಾಯ?" ಎಂದು ಕೇಳಿದ. ಸುರುಳಿ ಕೆಟ್ಟುಹೋಯಿತೆಂದು ನಾನು ಸುಳ್ಳು ಹೇಳಿದೆ. ಚಿತ್ರ ಅಷ್ಟರಲ್ಲಿ ನನ್ನ ಅಂಗಿಯ ಜೇಬಿನಲ್ಲಿತ್ತು.